ವಿದೇಶದಾಗ ಸಣ್ಣ ಮಕ್ಕಳ ಆರೈಕೆಗೆ ಸ್ವಯಂಸೇವಕರಾಗಿ ಹೋಗೂದು: ಏನೇನ ತಯಾರಿ ಬೇಕು?

ತೋಳನಕೆರೆ
ನಮಸ್ಕಾರ್ರೀ ಎಲ್ಲಾರಿಗೂ. ಅಕ್ಕನ ಮಗಳಿಗೆ 22 ವರ್ಷ, ಬಿ.ಎ. ಮುಗಿದದ, ಮನಿ ಹುಬ್ಬಳ್ಳಿ ವಿದ್ಯಾನಗರದಾಗ. ಹೊರದೇಶದಾಗ ಸಣ್ಣ ಮಕ್ಕಳ ಆರೈಕೆಗೆ ಸ್ವಯಂಸೇವಕಿ ಆಗಿ ಹೋಗಬೇಕಂತಾಳ. ಎರಡು ದಾರಿ ಅದಾವ. ಒಂದು, ನೇಪಾಳದ ಅನಾಥಾಶ್ರಮ: ಮೂರು ವಾರ, ರೊಕ್ಕ ನಾವ ಕಟ್ಟಬೇಕು, ಮುಂದಿನ ತಿಂಗಳನ ಬರ್ರಿ ಅಂತಾರ. ಇನ್ನೊಂದು, ಜರ್ಮನಿಯ ಬಾಲವಾಡಿ: ಒಂದು ವರ್ಷ, ಕೈಖರ್ಚು ಅವರ ಕೊಡತಾರಂತ, ಆದ್ರ ಜರ್ಮನ್ ಭಾಷಾ ಬೇಕು. ಮೊದಲು ನೇಪಾಳಕ್ಕ ಹೋಗಿ ಕೈ ಪಳಗಿಸ್ಕೊಂಡು ಆಮ್ಯಾಲೆ ಜರ್ಮನಿ ಅಂತ ಆಕಿ ಲೆಕ್ಕ. ಲಸಿಕೆ, ಕಾಗದಪತ್ರ, ತರಬೇತಿ, ಯಾವುದು ಮೊದಲು ಯಾವುದು ಆಮ್ಯಾಲೆ, ತಿಳಿದವರು ಬಿಡಿಸಿ ಹೇಳ್ರಿ.

ಕೆಲಗೇರಿ
ಕೈ ಪಳಗಿಸ್ಕೊಳ್ಳಾಕ ಅನಾಥಾಶ್ರಮದ ಕೂಸುಗಳು ಬ್ಯಾಡ್ರಿ. ಇದನ್ನ ಮೊದಲ ಇತ್ಯರ್ಥ ಮಾಡ್ಕೊಂಡ್ರ ಉಳಿದ ತಯಾರಿ ಸಲೀಸ.

ಜಗತ್ತಿನ ಇಂಥ ಆಶ್ರಮಗಳೊಳಗಿನ ಮಕ್ಕಳಲ್ಲಿ ಐದರಾಗ ನಾಲ್ಕು ಮಂದಿಗೆ ತಾಯಿನೋ ತಂದೀನೋ ಒಬ್ಬರರ ಬದುಕಿರ್ತಾರ ಅನ್ನೂದು ಮಕ್ಕಳ ಸಂಸ್ಥೆಗಳು ಬಹಳ ವರ್ಷದಿಂದ ಹೇಳಿಕೊಂಡು ಬಂದ ಲೆಕ್ಕ. ನೇಪಾಳದಾಗ ಇಂಥ ಮನಿಗಳು ಹೆಚ್ಚಾಗಿ ಇರೂದು ಕಾಠ್ಮಂಡು, ಪೋಖರಾ ಕಡೆ, ಪ್ರವಾಸಿಗರು ಓಡಾಡೋ ಜಿಲ್ಲೆಯೊಳಗ. ಬಡತನ ಹೆಚ್ಚಿರೋ ಗುಡ್ಡಗಾಡಿನೊಳಗ ಅಲ್ಲ. ಸಾಲಿ ಕಲಿಸ್ತೀವಿ ಅಂತ ಹಳ್ಳಿಯಿಂದ ಮಕ್ಕಳನ್ನ ಕರ್ಕೊಂಡು ಬಂದು, ಕಾಗದದ ಮ್ಯಾಲೆ ಅನಾಥ ಅಂತ ಬರೆಸೂದು ಅಲ್ಲಿ ಬಹಿರಂಗ ಆದ ದಂಧೆ. ಸ್ವಯಂಸೇವಕರು ಕಟ್ಟೋ ಶುಲ್ಕನ ಅದಕ್ಕ ನೀರು ಗೊಬ್ಬರ. 2019ರ ಡಿಸೆಂಬರ್‌ನಾಗ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕಿನ ನಿರ್ಣಯದೊಳಗ ಅನಾಥಾಶ್ರಮದ ಸ್ವಯಂಸೇವೆಯಿಂದ ಆಗೋ ಹಾನಿಯನ್ನ ಹೆಸರು ಹಿಡಿದು ಹೇಳೇತಿ.

ಇನ್ನ ಕೂಸಿನ ಕಡೆಯಿಂದ ನೋಡ್ರಿ. ಮೂರು ವರ್ಷದೊಳಗಿನ ಕೂಸು ಒಬ್ಬರೋ ಇಬ್ಬರೋ ಖಾಯಂ ಮನಷ್ಯಾರನ್ನ ಹಚ್ಕೊಂಡು ಬೆಳೀತದ. 2000ದ ಆಸುಪಾಸಿಗೆ ಶುರುವಾದ ರೊಮೇನಿಯಾದ ಬುಖಾರೆಸ್ಟ್ ಅಧ್ಯಯನದಾಗ ಆಶ್ರಮದ 136 ಮಕ್ಕಳನ್ನ ಎರಡು ಪಾಲು ಮಾಡಿ, ಒಂದು ಪಾಲಿನವರನ್ನ ಪೋಷಕ ಕುಟುಂಬಕ್ಕ ಕೊಟ್ರು. ವಯಸ್ಸು ಎರಡು ವರ್ಷ ತುಂಬೂದ್ರೊಳಗ ಪೋಷಕರ ಮನಿ ಸೇರಿದ ಮಕ್ಕಳು ಹಚ್ಕೊಳ್ಳೂದ್ರಾಗ ಭಾಳ ಸುಧಾರಿಸಿದ್ರು. ಮೂರು ವಾರಕ್ಕೊಬ್ಬ ಹೊಸಬರು ಬಂದು ಎತ್ತಿ ಆಡಿಸಿ ಹೋಗೂದು ಇದಕ್ಕ ತದ್ವಿರುದ್ಧ. ಹೊಸಬರು ಬಂದ ಕೂಡಲೇ ಓಡಿ ಬಂದು ಕೊರಳಿಗೆ ಬೀಳೋ ಕೂಸನ್ನ ನೋಡಿ "ಎಷ್ಟ ಪ್ರೀತಿ" ಅಂತಾರ. ಯಾರು ಏನು ಅನ್ನೂದನ್ನ ನೋಡದ ಎಲ್ಲಾರ ಕಡೆ ಹೋಗೂದು ನಂಬಿಕೆಯ ಗುರುತಲ್ಲ, ನಂಬಾಕ ಯಾರೂ ಇಲ್ಲದ್ದರ ಗುರುತು.

ಬ್ಯಾಡಗಿ ಕೆಂಪು
ಮಾತು ಖರೆ. ಆದ್ರ ಹತ್ತು ಕೂಸಿಗೆ ಒಬ್ಬಾಕಿ ಆಯಾ ಇರೋ ಕಡೆ ಮೂರು ವಾರನಾದ್ರೂ ಒಂದು ಕೈ ಹೆಚ್ಚಾದ್ರ ಕೆಟ್ಟದ್ದೇನ್ರಿ? ಎಲ್ಲಾರೂ ವರ್ಷಗಟ್ಟಲೆ ಹೋಗಾಕ ಆಗೂದಿಲ್ಲ.

ಕೆಲಗೇರಿ
ಕೈ ಹೆಚ್ಚಾಗಲಿ, ಆದ್ರ ಆ ಕೈ ಕೂಸಿನ ಮ್ಯಾಲೆ ಬ್ಯಾಡ. ಬಟ್ಟಿ ಒಗಿಯೂದು, ಆಟಿಗಿ ತೊಳಿಯೂದು, ಅಡಗಿಮನಿ, ದಾಖಲೆ ಗಣಕಯಂತ್ರಕ್ಕ ಹಾಕೂದು ಮಾಡಿದ್ರ ಆಯಾಗ ಕೂಸಿನ ಕಡೆ ನೋಡಾಕ ಪುರಸೊತ್ತು ಸಿಗತದ. ಕೂಸನ್ನ ಉಣಿಸೂದು, ಮಲಗಿಸೂದು, ಜಳಕ ಮಾಡಿಸೂದು ಖಾಯಂ ಮಂದೀದ. ಆರು ತಿಂಗಳಿಗಿಂತ ಕಡಿಮಿ ಇರೋರು ಈ ಗೆರಿ ದಾಟಬಾರದು ಅನ್ನೂದು ನನ್ನ ಮತ.

ಯಾವ ಸಂಸ್ಥೆ ಇದ್ರೂ ಇಷ್ಟು ಬರವಣಿಗಿಯೊಳಗ ಕೇಳ್ರಿ: ಪೊಲೀಸ್ ಪ್ರಮಾಣಪತ್ರ, ಇಬ್ಬರ ಶಿಫಾರಸು ಬೇಡತೀರೇನು? ಮಕ್ಕಳ ರಕ್ಷಣಾ ನೀತಿಯ ಪ್ರತಿ ಕಳಿಸ್ರಿ. ಕಟ್ಟಿದ ಶುಲ್ಕ ಯಾವ ಬಾಬತ್ತಿಗೆ ಎಷ್ಟು? ಸ್ವಯಂಸೇವಕರು ಮಗುವಿನ ಜೋಡಿ ಒಬ್ಬರ ಇರೋ ಸಮಯ ಬರತದೇನು? ಮಕ್ಕಳನ್ನ ತಿರುಗಿ ಮನಿಗೆ ಮುಟ್ಟಿಸೋ ಕೆಲಸ ನಡದದೇನು? ಮೊದಲನೇ ಪ್ರಶ್ನೆಗೇ "ಅದೇನೂ ಬ್ಯಾಡ್ರಿ, ಪಾಸ್‌ಪೋರ್ಟ್ ಪ್ರತಿ, ಮುಂಗಡ ಸಾಕು" ಅಂದ್ರ ಅಲ್ಲಿಗೆ ನಿಲ್ಲಿಸ್ರಿ. ನಿಮ್ಮನ್ನ ವಿಚಾರ ಮಾಡದ ಒಳಗ ಬಿಟ್ಟವರು ಬ್ಯಾರೆಯವರನ್ನೂ ಹಂಗ ಬಿಟ್ಟಿರ್ತಾರ.

ಹೆಗ್ಗೇರಿ
ಲಸಿಕೆ ಬಗ್ಗೆ ಬರಿತೀನಿ, ಯಾಕಂದ್ರ ಅದಕ್ಕ ಭಾಳ ದಿನ ಹಿಡೀತದ.

ದಡಾರ ಮೊದಲು. ಜರ್ಮನಿಯಾಗ 2020ರ ಮಾರ್ಚ್ 1ರಿಂದ ದಡಾರ ರಕ್ಷಣಾ ಕಾಯ್ದೆ ಜಾರಿಯಾಗೇದ. 1970ರ ನಂತರ ಹುಟ್ಟಿದ ಯಾರೇ ಬಾಲವಾಡಿಯೊಳಗ ಕೆಲಸ ಮಾಡಬೇಕಂದ್ರ ಎರಡು ಡೋಸಿನ ದಾಖಲೆ, ಇಲ್ಲಾ ರಕ್ತದಾಗ ಪ್ರತಿರೋಧ ಐತಿ ಅನ್ನೋ ವರದಿ ತೋರಿಸಬೇಕು. ನಮ್ಮ ಕಡೆ ತೊಡಕು ಹಿಂಗ: ಈಗ 22ರ ಆಸುಪಾಸು ಇರೋರಿಗೆ ಒಂಬತ್ತನೇ ತಿಂಗಳ ಡೋಸು ತಾಯಿ ಕಾರ್ಡಿನಾಗ ಇರತದ, ಕಾರ್ಡು ಉಳಿದಿದ್ರ. ಎರಡನೇ ಡೋಸು ಸರ್ಕಾರಿ ಪಟ್ಟಿಗೆ ಬಂದದ್ದು 2010ರಿಂದ ಈಚೆ. 2017ರ ಫೆಬ್ರವರಿಯೊಳಗ ಕರ್ನಾಟಕದ ಸಾಲಿಗಳಾಗ 15 ವರ್ಷದೊಳಗಿನವರಿಗೆ ದಡಾರ-ರುಬೆಲ್ಲಾ ಅಭಿಯಾನ ಆತಲ್ಲ, ಆ ಚುಚ್ಚುಮದ್ದು ಬಹುಮಂದಿಗೆ ಬಿದ್ದೇತಿ. ಆದ್ರ ಬೆರಳಿಗೆ ಹಚ್ಚಿದ ಶಾಯಿ ಹೋತು, ಕೈಯಾಗ ಕಾಗದ ಉಳೀಲಿಲ್ಲ. ಹಂಗಾಗಿ ಎಂಎಂಆರ್, ಅಂದ್ರ ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯ ಎರಡು ಡೋಸು ಹೊಸದಾಗಿ, ನಡುವ ಕನಿಷ್ಠ 28 ದಿನ ಬಿಟ್ಟು ಹಾಕಿಸ್ಕೊಂಡು, ಲಸಿಕೆ ಹೆಸರು, ಬ್ಯಾಚ್ ಸಂಖ್ಯೆ, ತಾರೀಖು, ಡಾಕ್ಟರ ಸಹಿ-ಶಿಕ್ಕಾ ಇಂಗ್ಲಿಷ್‌ನಾಗ ಬರೆಸ್ಕೊಳ್ಳೂದು ನೆಟ್ಟಗಿನ ದಾರಿ. ಮೊದಲ ತಗೊಂಡಿದ್ರೂ ಇನ್ನೊಮ್ಮೆ ತಗೊಂಡ್ರ ತೊಂದರಿಲ್ಲ. ಗರ್ಭಿಣಿಯರಿಗೆ ಮಾತ್ರ ಈ ಲಸಿಕೆ ಇಲ್ಲ, ಹಾಕಿಸ್ಕೊಂಡ ಒಂದು ತಿಂಗಳು ಗರ್ಭ ಧರಿಸಬಾರದು.

ಹೆಪಟೈಟಿಸ್ ಬಿ 0, 1, 6 ತಿಂಗಳ ಲೆಕ್ಕ. ಅಂದ್ರ ಹೊರಡೋ ದಿನಕ್ಕ ಆರು ತಿಂಗಳ ಮೊದಲು ಶುರು ಆಗಬೇಕು. ಹೆಪಟೈಟಿಸ್ ಎ ಡೈಪರ್ ಬದಲಿಸೋರಿಗೆ ಬೇಕ ಬೇಕು, ಎರಡು ಡೋಸಿನ ನಡುವ ಆರು ತಿಂಗಳು. ನಾಯಿಕೆಮ್ಮಿಗೆ ಟಿಡ್ಯಾಪ್ ಒಂದು. ದೊಡ್ಡವರಿಗೆ ಬರೇ ಕೆಮ್ಮು ಅನಿಸಿದ್ದು ಎರಡು ತಿಂಗಳ ಕೂಸಿಗೆ ಉಸಿರು ನಿಲ್ಲಿಸತದ. ಸಿಡುಬು ಆಗಿರದಿದ್ರ ಅದರ ಎರಡು ಡೋಸು. ನಾನು ಹೇಳೂದು ಚಿಕನ್‌ಪಾಕ್ಸ್, ಅಮ್ಮ ಅಂತೀವಲ್ಲ, ಅದು.

ಭಾಳ ಮಂದಿ ಎಡವೋ ಜಾಗ ಒಂದೈತಿ. ಎಂಎಂಆರ್ ಜೀವಂತ ಲಸಿಕೆ, ಅಂದ್ರ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರೋದು. ಅದು ಹಾಕಿಸ್ಕೊಂಡ ನಾಲ್ಕಾರು ವಾರ ಕ್ಷಯದ ಚರ್ಮ ಪರೀಕ್ಷೆ ಮಾಡಿಸಿದ್ರ ಫಲಿತಾಂಶ ತಪ್ಪಿ 'ಇಲ್ಲ' ಅಂತ ಬರಬಹುದು. ಚರ್ಮ ಪರೀಕ್ಷೆ ಮೊದಲ ಮಾಡಿಸ್ರಿ, ಇಲ್ಲಾ ಅದ ದಿನ ಮಾಡಿಸ್ರಿ.

ಬ್ಯಾಡಗಿ ಕೆಂಪು
ಆಫ್ರಿಕಾ ಕಡೆ ಹೋಗೋರಿಗೆ ಹಳದಿ ಜ್ವರದ ಲಸಿಕೆನೂ ಸೇರಿಸ್ರಿ. ಹತ್ತು ವರ್ಷಕ್ಕೊಮ್ಮೆ ಹಾಕಿಸ್ಕೋಬೇಕು.

ಹೆಗ್ಗೇರಿ
ಹತ್ತು ವರ್ಷದ್ದು ಹಳೇ ನಿಯಮ. 2016ರ ಜುಲೈ 11ರಿಂದ ಒಂದ ಡೋಸು, ಜೀವನಪರ್ಯಂತ ನಡೀತದ. ಪ್ರಮಾಣಪತ್ರ ಊರ್ಜಿತ ಆಗೂದು ಲಸಿಕೆ ಹಾಕಿಸಿದ ಹತ್ತು ದಿನದ ಮ್ಯಾಲೆ. ಎಂಟನೇ ದಿನ ವಿಮಾನ ಹತ್ತಿದ್ರ ಆ ಹಳದಿ ಪುಸ್ತಕ ಇದ್ದೂ ಇಲ್ಲದಂಗ. ಕೀನ್ಯಾ, ಉಗಾಂಡದಂಥ ದೇಶದಿಂದ ತಿರುಗಿ ಬರುವಾಗ ನಮ್ಮ ದೇಶದವರೂ ಇದನ್ನ ಕೇಳ್ತಾರ, ಇಲ್ಲದಿದ್ರ ಆರು ದಿನದ ತನಕ ಪ್ರತ್ಯೇಕ ಇಡತಾರ. ಎಲ್ಲಾ ದವಾಖಾನ್ಯಾಗ ಹಾಕೂದಿಲ್ಲ, ಕೇಂದ್ರ ಆರೋಗ್ಯ ಇಲಾಖೆ ಮಾನ್ಯ ಮಾಡಿದ ಕೇಂದ್ರದಾಗ ಅಷ್ಟ. ನಮ್ಮ ಭಾಗದಿಂದ ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿಗೆ ಹೋಗಬಹುದು. ಮೊದಲು ಫೋನ್ ಹಚ್ಚಿ ದಿನ ಗೊತ್ತು ಮಾಡ್ಕೋರಿ, ಸೀಸೆ ಒಡೆದ ಮ್ಯಾಲೆ ಇಡಾಕ ಬರೂದಿಲ್ಲಂತ ಮಂದಿ ಕೂಡಿಸಿ ಹಾಕ್ತಾರ. ತತ್ತಿ ಅಲರ್ಜಿ ಇದ್ರ ಮೊದಲ ಹೇಳ್ರಿ. ಇದೂ ಜೀವಂತ ಲಸಿಕೆ, ಎಂಎಂಆರ್‌ಗೂ ಇದಕ್ಕೂ ನಾಲ್ಕು ವಾರ ಅಂತರ ಇಡ್ರಿ.

ಜರ್ಮನಿಗೆ ಇದರ ಕೆಲಸ ಇಲ್ಲ.

ಸಪ್ತಾಪುರ
ಕಾಗದಪತ್ರದ ವಿಷಯ ನಾನು ಬರೆಯುತ್ತೇನೆ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ, ಇನಿಷಿಯಲ್ ಹಿಂದೆ. ಆಧಾರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಪದವಿ ಪತ್ರದಲ್ಲಿ ಮತ್ತೊಂದು ಥರ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಮುಂದೆ ಪ್ರತಿ ಅರ್ಜಿಯಲ್ಲೂ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ. ಆಧಾರ್ ತಿದ್ದುಪಡಿ ಮೊದಲು, ಪಾಸ್‌ಪೋರ್ಟ್ ಆಮೇಲೆ. ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಹುಬ್ಬಳ್ಳಿ ಎಂದು ಬದಲಾಯಿತು. ಹಳೆಯ ದಾಖಲೆಯಲ್ಲಿ ಹುಬ್ಳಿ ಎಂದಿದ್ದರೆ ಗಾಬರಿ ಬೇಡ, ಆದರೆ ಹೊಸದಾಗಿ ತುಂಬುವ ಎಲ್ಲ ಅರ್ಜಿಗಳಲ್ಲಿ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಬಳಸಿ.

ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. 36 ಪುಟದ ಹೊಸ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲಿಗೆ ಮೇಲೆ 2,000. ಮಕ್ಕಳ ಜೊತೆಗಿನ ಕೆಲಸಕ್ಕೆ ಬೇಕಾದ ಪೊಲೀಸ್ ಪ್ರಮಾಣಪತ್ರಕ್ಕೂ, ಅಂದರೆ ಪಿಸಿಸಿಗೂ, ಅರ್ಜಿ ಹಾಕುವುದು ಅಲ್ಲಿಯೇ, ಶುಲ್ಕ 500. ಠಾಣೆಯಲ್ಲಿ ಬರೆಸಿಕೊಂಡ ಚೀಟಿ ವಿದೇಶದಲ್ಲಿ ನಡೆಯುವುದಿಲ್ಲ. ಪಿಸಿಸಿಯನ್ನು ತೀರಾ ಮುಂಚೆ ತೆಗೆಸಬೇಡಿ. ಆರು ತಿಂಗಳಿಗಿಂತ ಹಳೆಯದನ್ನು ಬಹಳ ಕಡೆ ಒಪ್ಪುವುದಿಲ್ಲ. ವಿಳಾಸ ಬದಲಾಗಿದ್ದರೆ ಪರಿಶೀಲನೆಗೆ ದಿನ ಹೆಚ್ಚು ಹಿಡಿಯುತ್ತದೆ.

ಜರ್ಮನಿಯಲ್ಲಿ ಸ್ವಯಂಸೇವೆಗೆ ಎರಡು ಚೌಕಟ್ಟುಗಳಿವೆ. ಫ್ರೈವಿಲಿಗೆಸ್ ಸೊತ್ಸಿಯಾಲೆಸ್ ಯಾರ್ (ಸ್ವಯಂಪ್ರೇರಿತ ಸಮಾಜಸೇವಾ ವರ್ಷ), ಚಿಕ್ಕದಾಗಿ ಎಫ್‌ಎಸ್‌ಜೆ, 27 ತುಂಬದವರಿಗೆ. ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್ (ಕೇಂದ್ರ ಸರ್ಕಾರದ ಸ್ವಯಂಸೇವೆ), ಚಿಕ್ಕದಾಗಿ ಬಿಎಫ್‌ಡಿ, ಅದಕ್ಕೆ ವಯಸ್ಸಿನ ಮೇಲ್ಮಿತಿ ಇಲ್ಲ. ಎರಡೂ ಸಾಮಾನ್ಯವಾಗಿ 12 ತಿಂಗಳು. ಕೈಖರ್ಚು, ಅಲ್ಲಿನ ಆರೋಗ್ಯ ವಿಮೆ, ವರ್ಷಕ್ಕೆ 25 ದಿನಗಳ ಶಿಬಿರ ಸೇರಿರುತ್ತವೆ. ಕಾರಿಟಾಸ್, ಡಿಯಾಕೊನಿ, ಜರ್ಮನ್ ರೆಡ್ ಕ್ರಾಸ್‌ನಂಥ ಸಂಸ್ಥೆಗಳಿಗೆ ನೇರವಾಗಿ ಅರ್ಜಿ ಹಾಕಬಹುದು. ನಡುವೆ ದಲ್ಲಾಳಿ ಬಂದು ಲಕ್ಷದ ಮಾತಾಡಿದರೆ ಕೈ ಮುಗಿದು ಕಳಿಸಿ. ಜರ್ಮನ್ ಸರ್ಕಾರದ ನೆರವಿನ ವೆಲ್ಟ್‌ವೆರ್ಟ್ಸ್ ಸ್ವಯಂಸೇವಾ ಕಾರ್ಯಕ್ರಮದ ದಕ್ಷಿಣ-ಉತ್ತರ ಭಾಗದಲ್ಲಿ, ಅಂದರೆ ನಮ್ಮಂಥ ದೇಶದವರನ್ನು ಜರ್ಮನಿಗೆ ಕರೆಸಿಕೊಳ್ಳುವ ಭಾಗದಲ್ಲಿ, ಭಾರತದ ಸಂಸ್ಥೆಗಳ ಮೂಲಕವೂ ಹೋಗಬಹುದು. ಅದಕ್ಕೆ 18ರಿಂದ 28ರ ವಯಸ್ಸು. ರಾಷ್ಟ್ರೀಯ ವೀಸಾಕ್ಕೆ, ಅಂದರೆ ದೀರ್ಘ ಅವಧಿಯ ವೀಸಾಕ್ಕೆ, 75 ಯೂರೊ, ಅರ್ಜಿ ಬೆಂಗಳೂರಿನಲ್ಲಿ. ಒಪ್ಪಂದ ಪತ್ರ ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ತೆಗೆಸಬೇಡಿ.

ತೋಳನಕೆರೆ
ಪ್ರವಾಸಿ ವೀಸಾದ ಮ್ಯಾಲೆ ಹೋಗಿ ಸೇವಾ ಮಾಡಬಹುದು, ಪಗಾರ ಇಲ್ಲಲ್ಲಾ ಅಂತ ಒಬ್ಬರು ಹೇಳಿದ್ರು. ಅದು ಹೆಂಗ್ರಿ ಸರ?

ಸಪ್ತಾಪುರ
ಪಗಾರ ಇಲ್ಲದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ದೇಶದೇಶಕ್ಕೆ ನಿಯಮ ಬೇರೆ. ಬ್ರಿಟನ್ನಿನಲ್ಲಿ ಸಂದರ್ಶಕ ವೀಸಾದ ಮೇಲೆ ನೋಂದಾಯಿತ ದತ್ತಿ ಸಂಸ್ಥೆಯಲ್ಲಿ 30 ದಿನದ ಮಿತಿಯೊಳಗೆ ಸ್ವಯಂಸೇವೆಗೆ ಅವಕಾಶವಿದೆ. ಅದಕ್ಕಿಂತ ಹೆಚ್ಚಿಗೆ ಚಾರಿಟಿ ವರ್ಕರ್ ವೀಸಾ, ಗರಿಷ್ಠ 12 ತಿಂಗಳು. ಅದಕ್ಕೆ ಅಲ್ಲಿನ ಸಂಸ್ಥೆಯ ಪ್ರಾಯೋಜಕತ್ವದ ಪತ್ರ ಬೇಕು. ಆರು ತಿಂಗಳು ಮೀರಿದರೆ ಭಾರತದಿಂದ ಹೋಗುವವರಿಗೆ ಅವರೇ ಗೊತ್ತುಪಡಿಸಿದ ಚಿಕಿತ್ಸಾಲಯದಲ್ಲಿ ಕ್ಷಯ ಪರೀಕ್ಷೆ. ಇನ್ನೊಂದು: ಪ್ರವಾಸಿ ವೀಸಾದ ಮೇಲೆ ಹೋಗುವವರಿಗೆ ಪಿಸಿಸಿ ಕೊಡುವುದಿಲ್ಲ. ಹಾಗಾಗಿ "ಪ್ರವಾಸಿ ವೀಸಾ ಸಾಕು, ಮಕ್ಕಳ ಜೊತೆ ಬಿಡುತ್ತೇವೆ" ಎನ್ನುವವರು ಪರಿಶೀಲನೆ ಇಲ್ಲದೆ ಬಿಡುತ್ತೇವೆ ಎಂದೇ ಹೇಳಿದಂತೆ.

ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ 15ರಿಂದ 65 ವರ್ಷದವರಿಗೆ ಆಧಾರ್ ಅಲ್ಲಿಗೆ ಪ್ರಯಾಣದ ದಾಖಲೆಯಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು.

ಭೀಷ್ಮಕೆರೆ
ಕಾಗದ ಆತು, ಚುಚ್ಚುಮದ್ದು ಆತು. ಇನ್ನ ಕೂಸು ಹಿಡಿಯಾಕ ಬರಬೇಕಲ್ರಿ.

ನಾಲ್ಕು ಮಕ್ಕಳಿರೋ ಮನ್ಯಾಗ ಬೆಳದೀನಿ, ಕೂಸು ನೋಡ್ಕೊಳ್ಳೂದು ಗೊತ್ತು ಅನ್ನೋರಿಗೇ ಹೆಚ್ಚು ಮರಿಸಬೇಕಾಗತದ. ಮನ್ಯಾಗಿನ ರೂಢಿ ಮನ್ಯಾಗ ಇರಲಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಒಂದು ಹನಿನೂ ಬ್ಯಾಡ. ಅದರಾಗಿನ ಬೊಟುಲಿಸಂ ಬೀಜಾಣು ಆ ಸಣ್ಣ ಕರುಳಿನಾಗ ಬೆಳೆದು ನರ ಸೋಲಿಸತದ. ಬಜಿ ತೇದು ನೆಕ್ಕಿಸೂದು, ಕಣ್ಣಿಗೆ ಕಾಡಿಗಿ, ಕಿವ್ಯಾಗ ಎಣ್ಣಿ, ಒಂದೂ ಬ್ಯಾಡ. ಕಾಡಿಗಿಯೊಳಗ ಸೀಸ ಇರಬಹುದು. ಮಲಗಿಸೂದು ಬೆನ್ನ ಮ್ಯಾಲೆ, ಗಟ್ಟಿ ಸಪಾಟ ಹಾಸಿಗಿ. ಕೌದಿ ಹೊಚ್ಚೂದು, ತಲಿ ಗುಂಡಗಾಗಲಿ ಅಂತ ಸಾಸಿವಿ ದಿಂಬು ಇಡೂದು ಇಲ್ಲ. ಮೆತ್ತನ್ನ ವಸ್ತು ಮಾರಿಗೆ ಬಂದ್ರ ಸರಿಸಾಕ ಕೂಸಿಗೆ ಶಕ್ತಿ ಇರೂದಿಲ್ಲ.

ಡೈಪರ್: ಎಲ್ಲಾ ಸಾಮಾನು ಕೈಗೆ ಎಟಕೂ ಹಂಗ ಜೋಡಿಸಿ ಆಮ್ಯಾಲೆ ಕೂಸನ್ನ ಮಲಗಿಸ್ರಿ. ಒಂದು ಕೈ ಯಾವಾಗಲೂ ಕೂಸಿನ ಮ್ಯಾಲೆ ಇರಬೇಕು, ಎತ್ತರದ ಮೇಜಿನಿಂದ ಉರುಳೂದು ಒಂದು ಕ್ಷಣದ ಕೆಲಸ. ಒರೆಸೂದು ಮುಂದಿನಿಂದ ಹಿಂದಕ್ಕ, ಹೆಣ್ಣು ಕೂಸಿಗೆ ಇದು ತಪ್ಪಿದ್ರ ಮೂತ್ರದ ಸೋಂಕು. ಮುಗಿದ ಮ್ಯಾಲೆ ಕೂಸಿನ ಕೈ, ನಿಮ್ಮ ಕೈ, ಹಾಸು, ಮೂರೂ ಸ್ವಚ್ಛ. ಕೈಗೆ ಸಾಬೂನು ಹಚ್ಚಿ 20 ಸೆಕೆಂಡ್ ತಿಕ್ಕಬೇಕು, ಹೆಬ್ಬೆರಳಿನ ಬುಡ ಬಿಡಬ್ಯಾಡ್ರಿ. ಬಾಗಿಲಾ ತೆರೆದಿರಲಿ, ಇನ್ನೊಬ್ಬರ ಕಣ್ಣಿಗೆ ಬೀಳೋ ಜಾಗದಾಗ ಮಾಡ್ರಿ. ಇದು ಕೂಸಿಗೂ ರಕ್ಷಣೆ, ನಿಮಗೂ ರಕ್ಷಣೆ. ಮೊದಲನೇ ತಿಂಗಳು ಈ ಕೆಲಸ ನಿಮಗ ಕೊಡಲಿಲ್ಲಂದ್ರ ಸಿಟ್ಟಾಗಬ್ಯಾಡ್ರಿ, ಒಳ್ಳೇ ಸಂಸ್ಥೆ ಅಂತ ತಿಳೀರಿ.

ಗಂಟಲಿಗೆ ಸಿಕ್ಕಾಗ: ಕೆಮ್ಮಾಕತ್ತಿದ್ರ ಕೆಮ್ಮಾಕ ಬಿಡ್ರಿ. ಸಪ್ಪಳ ನಿಂತಿದ್ರ, ಒಂದು ವರ್ಷದೊಳಗಿನ ಕೂಸನ್ನ ಮುಂಗೈ ಮ್ಯಾಲೆ ಬೋರಲು ಹಾಕಿ, ತಲಿ ಕೆಳಗ, ಭುಜದ ಎಲುಬಿನ ನಡುವ ಅಂಗೈ ಬುಡದಿಂದ ಐದು ಏಟು. ಆಮ್ಯಾಲೆ ಅಂಗಾತ ಮಾಡಿ ಎದಿಯ ನಡುವ ಐದು ಒತ್ತು. ಅದು ಹೊರಗ ಬರೂತನಕ ಹಿಂಗ ಸುತ್ತು. ವರ್ಷ ದಾಟಿದವರಿಗೆ ಎದಿ ಬದಲು ಹೊಟ್ಟಿಯ ಒತ್ತು. ಬಾಯಾಗ ಕಾಣದ ಬೆರಳು ಹಾಕಿ ತಡಕಾಡಬ್ಯಾಡ್ರಿ, ಇನ್ನೂ ಒಳಗ ಹೋಗತದ. ಪ್ರಜ್ಞೆ ತಪ್ಪಿದ್ರ ಎದಿ ಒತ್ತೂದು: 30 ಒತ್ತು, 2 ಉಸಿರು, ಒತ್ತೂ ವೇಗ ನಿಮಿಷಕ್ಕ 100ರಿಂದ 120, ಕೂಸಿಗೆ 4 ಸೆಂ.ಮೀ., ದೊಡ್ಡ ಮಗುವಿಗೆ 5 ಸೆಂ.ಮೀ. ಆಳ. ಇದನ್ನ ಓದಿ ಕಲಿಯಾಕ ಬರೂದಿಲ್ಲ, ಗೊಂಬಿ ಮ್ಯಾಲೆ ಮಾಡಿ ಕಲೀಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ತರಬೇತಿ ನಮ್ಮ ಕಡೆ ನಡೀತಾವ. ಹೆಸರು ಹಚ್ಚುವಾಗ "ಕೂಸಿನ ಗೊಂಬಿ ಐತೇನ್ರಿ" ಅಂತ ಕೇಳ್ರಿ, ಬರೇ ದೊಡ್ಡವರ ಗೊಂಬಿ ಇದ್ರ ಅರ್ಧ ಕಲಿತಂಗ.

ಭೇದಿ: ಡಬ್ಲ್ಯುಎಚ್‌ಒ ಸೂತ್ರದ ಒಆರ್‌ಎಸ್‌ನ ದೊಡ್ಡ ಪುಡಿಕಿ ಒಂದು ಪೂರ್ತಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ. ಅರ್ಧ ಪುಡಿಕಿ ಅಂದಾಜಿನ ಮ್ಯಾಲೆ ಹಾಕಿದ್ರ ಉಪ್ಪು ಹೆಚ್ಚು ಕಡಿಮಿ ಆಗತದ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಹೊರಗಾದಾಗ 50ರಿಂದ 100 ಮಿ.ಲೀ., ಚಮಚೆಯಿಂದ. ವಾಂತಿ ಆದ್ರ ಹತ್ತು ನಿಮಿಷ ತಡೆದು ಮತ್ತ ನಿಧಾನ. 24 ತಾಸಿನ ಮ್ಯಾಲೆ ಉಳಿದದ್ದು ಚೆಲ್ರಿ.

ಜ್ವರ: ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದ್ರ ಕಾಯಾಕ ಹೋಗದ ತಕ್ಷಣ ಡಾಕ್ಟರ್. ಪಿಟ್ಸ್ ಬಂದ್ರ ಮಗ್ಗಲಾಗಿ ಮಲಗಿಸಿ ಗಡಿಯಾರ ನೋಡ್ರಿ, ಐದು ನಿಮಿಷ ದಾಟಿದ್ರ ಆಂಬುಲೆನ್ಸ್. ಉಳ್ಳಾಗಡ್ಡಿ ಮೂಸಿಸೂದು, ಕೈಯಾಗ ಕೀಲಿಕೈ ಹಿಡಿಸೂದು, ಹಲ್ಲಿನ ನಡುವ ಚಮಚೆ ಇಡೂದು ಬ್ಯಾಡ. ಔಷಧ ನೀವಾಗಿ ಒಂದು ಹನಿನೂ ಕೊಡಬ್ಯಾಡ್ರಿ, ಬರವಣಿಗಿಯ ಅಪ್ಪಣೆ ಇರಲಿ.

ನೃಪತುಂಗ ಬೆಟ್ಟ
ಭೀಷ್ಮಕೆರೆ ಅಕ್ಕಾರ ಪಟ್ಟಿಗೆ ಒಂದು ಜೋಡಣೆ. ಗಾಜಿನ ಬಳಿ ತೆಗೆದಿಟ್ಟು ಹೋಗಲಿ. ಬಳಿಗೆ, ತಾಳಿ ಸರಕ್ಕ ಪಿನ್ನು ಸಿಗಿಸ್ಕೊಳ್ಳೋ ನಮ್ಮ ಹೆಣ್ಮಕ್ಕಳ ರೂಢಿ ಸಣ್ಣ ಮಕ್ಕಳ ಕೋಣ್ಯಾಗ ಅಪಾಯ. ಉಗುರು ಕತ್ತರಿಸಿರಬೇಕು. ತುಟಿ ಮ್ಯಾಲೆ ಜ್ವರದ ಬೊಬ್ಬಿ ಎದ್ದಾಗ ಕೂಸಿನ ಹತ್ತರನೂ ಹೋಗಬಾರದು, ಆ ವೈರಸ್ ಎಳೆಗೂಸಿಗೆ ಜೀವಕ್ಕ ಕುತ್ತು.

ಕೆಲಗೇರಿ
ಜರ್ಮನಿಯ ಬಾಲವಾಡಿ, ಅವರು ಕೀಟಾ ಅಂತಾರ, ಅಲ್ಲಿ ಹೊಂದಿಕೊಳ್ಳಾಕ ನಾಲ್ಕು ಮಾತು.

ಹೊಸ ಮಗುವನ್ನ ಸೇರಿಸೋ 'ಬರ್ಲಿನ್ ಮಾದರಿ' ಓದಿಕೊಂಡು ಹೋಗಲಿ. ಮೊದಲ ಮೂರು ದಿನ ತಾಯಿನೋ ತಂದೀನೋ ಜೋಡಿಗೆ ಕೂತಿರ್ತಾರ, ಅಗಲಿಸೂದಿಲ್ಲ. ನಾಲ್ಕನೇ ದಿನ ಹೆಚ್ಚಂದ್ರ ಅರ್ಧ ತಾಸು ಹೊರಗ ಹೋಗಿ ನೋಡ್ತಾರ. ಮಗು ಸಮಾಧಾನ ಆಗೂದು ಯಾರ ಕೈಯಾಗ ಅನ್ನೂದರ ಮ್ಯಾಲೆ ಮುಂದಿನ ದಿನ ಗೊತ್ತಾಗತಾವ. ಈ ಹೊತ್ತಿನಾಗ ಸ್ವಯಂಸೇವಕಿ ನಡುವ ಹೋಗಿ "ಬಾ ಬಾ" ಅಂತ ಎತ್ತಿಕೊಂಡ್ರ ಎಲ್ಲಾ ಕೆಡತದ. ಸುಮ್ಮನ ನೆಲದ ಮ್ಯಾಲೆ, ಮಗುವಿನ ಎತ್ತರಕ್ಕ, ಸ್ವಲ್ಪ ದೂರ ಕೂಡಬೇಕು.

ಮಕ್ಕಳನ್ನ ಹೊಡೆಯದ ಬೆಳೆಸೂದು ಅಲ್ಲಿ 2000ದಿಂದ ಕಾನೂನು. ಏಟಷ್ಟ ಅಲ್ಲ, ಗುಮ್ಮ ಬಂತು ಅಂತ ಅಂಜಿಸೂದು, ಗಲ್ಲ ಹಿಂಡೂದು, "ಇನ್ನೊಂದ ತುತ್ತು" ಅಂತ ಬೆನ್ನ ಹತ್ತೂದು ಕೂಡ ನಡಿಯಂಗಿಲ್ಲ. ಮಗು ಸಾಕು ಅಂದ್ರ ಸಾಕು. ಮುತ್ತು ಕೊಡೂದು ಬ್ಯಾಡ, ಫೋಟೊ ತೆಗೆಯೂದು ಬ್ಯಾಡ, ಸ್ಟೇಟಸ್‌ಗೆ ಹಾಕೂದಂತೂ ಬ್ಯಾಡವೇ ಬ್ಯಾಡ.

ಜರ್ಮನ್ ಭಾಷಾ ಎ2, ಅಂದ್ರ ಶುರುವಿನ ಎರಡನೇ ಮಟ್ಟ, ಇದ್ರ ದೊಡ್ಡವರ ಜೋಡಿ ಹೆಂಗೋ ನಡೀತದ, ಆದ್ರ ಅದರ ಮುಂದಿನ ಬಿ1 ಮುಟ್ಟಿಸಿ ಹೋದ್ರ ಛಲೋ. ಪುಸ್ತಕದಾಗ ಇಲ್ಲದ್ದು: "ಎಲ್ಲಿ ನೋಯ್ತದ?", "ನಿಂದು ಒದ್ದಿ ಆಗೇದೇನು?", "ಅದು ಆಕೀದು, ಕೇಳಿ ತಗೊ", "ನಿಲ್ಲು!" ಇಂಥ ಐವತ್ತು ಸಣ್ಣ ವಾಕ್ಯ ಬಾಯಿಪಾಠ ಇರಲಿ. ಎರಡು ವರ್ಷದ ಮಗು ವ್ಯಾಕರಣ ಕೇಳೂದಿಲ್ಲ, ತಡ ಆದ್ರ ಕಚ್ಚತದ.

ಅಲ್ಲಿ ಮುಟ್ಟಿದ ಮ್ಯಾಲೆ: ಅಡಗಿ, ಊಟ ಬಡಿಸೋ ಕೆಲಸ ಇದ್ರ ಆರೋಗ್ಯ ಕಚೇರಿಯ ಸೋಂಕು ರಕ್ಷಣಾ ತಿಳಿವಳಿಕೆ, ಕೆಲಸ ಶುರು ಮಾಡೋ ಹೊತ್ತಿಗೆ ಅದು ಮೂರು ತಿಂಗಳಿಗಿಂತ ಹಳೇದಿರಬಾರದು. ಜೊತಿಗೆ ಅಲ್ಲಿನ ವಿಸ್ತೃತ ನಡತೆ ಪ್ರಮಾಣಪತ್ರ.

ಬ್ಯಾಡಗಿ ಕೆಂಪು
ಒಪ್ಪಿದೆ ಅಣ್ಣಾರ. ಪೆಟ್ಟಿಗಿ ಕಟ್ಟೂದ್ರ ಬಗ್ಗೆ ನಾನು ಹೇಳ್ತೀನಿ. ಶೇಂಗಾ ಚಟ್ನಿ, ಶೇಂಗಾ ಉಂಡಿ ಇಲ್ಲದ ನಮ್ಮ ಮಂದಿ ಊರು ಬಿಡೂದಿಲ್ಲ. ತಂಗೋ ಕೋಣ್ಯಾಗ ತಿನ್ನಲಿ, ಬಾಲವಾಡಿಗೆ ಒಯ್ಯೂದು ಬ್ಯಾಡ. ಶೇಂಗಾ ಅಲರ್ಜಿ ಇರೋ ಮಗುವಿಗೆ ಕೈಗೆ ಹತ್ತಿದ ಪುಡಿನ ಸಾಕು. ಅಲ್ಲದ ಇಡೀ ಶೇಂಗಾ, ಪುಟಾಣಿ, ಗಟ್ಟಿ ಚಕ್ಕುಲಿ ಚೂರು ಐದು ವರ್ಷದೊಳಗಿನವರಿಗೆ ಗಂಟಲಿಗೆ ಸಿಗೋ ಸಾಮಾನು. ದ್ರಾಕ್ಷಿನೂ ಉದ್ದಕ್ಕ ನಾಲ್ಕು ಸೀಳು ಮಾಡಿ ಕೊಡಬೇಕು, ಅಡ್ಡ ಕೊಯ್ದ್ರ ಉಪಯೋಗಿಲ್ಲ. ಇನ್ನ ಪೇಡಾ: ಹಾಲಿನ ಪದಾರ್ಥ ಹೊರಗಿನಿಂದ ಯುರೋಪ್ ಒಕ್ಕೂಟದೊಳಗ ತರಾಕ ಬಿಡೂದಿಲ್ಲ. ಧಾರವಾಡದ ಡಬ್ಬಿ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರೂದು ಬ್ಯಾಡಂದ್ರ ಇಲ್ಲೇ ತಿಂದು ಹೋಗಲಿ.

ತೋಳನಕೆರೆ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನೇಪಾಳದವರಿಗೆ ಬರವಣಿಗಿಯೊಳಗ ಐದು ಪ್ರಶ್ನೆ ಕಳಿಸಿದ್ದಾತು. ಬಂದ ಉತ್ತರ: "ಸೀಟು ಎರಡ ಉಳದಾವ, ಮುಂಗಡ ಇವತ್ತ ಹಾಕ್ರಿ." ಜರ್ಮನಿ ಒಂದ ಅಂತ ಹಿಡಿದ್ರ, ಇವತ್ತಿನಿಂದ ಯಾವುದು ಮೊದಲು? ಮತ್ತ ಕೈ ಪಳಗಾಕ ಊರಾಗ ಎಲ್ಲಿ?

ಹೆಗ್ಗೇರಿ
ಈ ವಾರ ಹೆಪಟೈಟಿಸ್ ಬಿ ಮೊದಲನೇ ಚುಚ್ಚುಮದ್ದು, ಅದ ಭೇಟಿಯೊಳಗ ಹೆಪಟೈಟಿಸ್ ಎ ಕೂಡ. ಒಂದು ಕೈಗೆ ಒಂದು. ಎಂಎಂಆರ್ ಮುಂದಿನ ತಿಂಗಳು ಬಿ ಎರಡನೇ ಡೋಸಿನ ಜೋಡಿ ಶುರು ಮಾಡ್ರಿ, ಹೋಗಿ ಬರೂದು ಉಳೀತದ.

ಸಪ್ತಾಪುರ
ಆಧಾರ್, ಪಾಸ್‌ಪೋರ್ಟ್ ಈಗಲೇ. ಭಾಷಾ ತರಗತಿಯೂ ಈಗಲೇ, ಅದಕ್ಕೇ ಹೆಚ್ಚು ತಿಂಗಳು ಬೇಕು. ಪಿಸಿಸಿ ಮಾತ್ರ ಒಪ್ಪಂದ ಪತ್ರ ಬಂದ ಮೇಲೆ.

ಭೀಷ್ಮಕೆರೆ
ಕೈ ಪಳಗಾಕ ಅಂಗನವಾಡಿ ಐತಲ್ರಿ. ನೇರ ಹೋಗಿ ಬಾಗಿಲಾ ಬಡಿಯೂದು ಬ್ಯಾಡ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಬರೆದು, ಗುರುತಿನ ಚೀಟಿ ಹಚ್ಚಿ, ಎಷ್ಟು ತಿಂಗಳು, ವಾರಕ್ಕ ಯಾವ ದಿನ ಅಂತ ಸ್ಪಷ್ಟ ಹೇಳಿ ಅನುಮತಿ ತಗೋಬೇಕು. ಮೂರರಿಂದ ಆರು ವರ್ಷದ ಮಕ್ಕಳು ಇರ್ತಾರ. ಹೇಳಿದ ದಿನ ತಪ್ಪಿಸಬಾರದು. ಮೊದಲನೇ ವಾರ ಚಾಪಿ ಹಾಸೂದು, ತಾಟು ತೊಳಿಯೂದು, ಕೂತು ನೋಡೂದು. ಬಿಡೂ ದಿನ ಹತ್ತರ ಬಂದಾಗ ಮಕ್ಕಳಿಗೆ ವಾರ ಮೊದಲ ಹೇಳಬೇಕು, ಗೋಡಿ ಮ್ಯಾಲೆ ಏಳು ಚುಕ್ಕಿ ಬರೆದು ದಿನಕ್ಕೊಂದು ಅಳಿಸಿದ್ರ ಅವಕ್ಕ ತಿಳೀತದ. ಕಾರ್ಯಕರ್ತೆಯಿಂದ ಎಷ್ಟು ತಾಸು, ಯಾವ ವಯಸ್ಸಿನ ಮಕ್ಕಳು, ಏನ ಕೆಲಸ ಅಂತ ಬರೆಸ್ಕೊಂಡ ಪತ್ರ ಜರ್ಮನಿಯ ಅರ್ಜಿಗೆ ಹಚ್ಚಲಿ.